‘ಕಲ್ಲು ನೋಡ್ಲಾಕ ಯಾರ್ ಬರ್ತಾರ್ರಿ?’ ಎಂದವರಿಗೆ ಉತ್ತರ

ಹುಣಸಗಿ, ಇಸಾಂಪುರ, ರಾಜನಕೋಳೂರು, ವಾಗಣಗೇರಾ, ಬೋನಾಳ, ತಿಂಥಣಿ. ಈ ಊರುಗಳಿಗೆ ನಾಲ್ಕು ಜನ ಬರುವಂತಾಗಲಿ, ಬಂದವರಿಂದ ಊರವರ ಕೈಗೆ ನಾಲ್ಕು ಕಾಸು ಸಿಗಲಿ ಎಂದು ಬಾಯಿ ಬಿಟ್ಟರೆ ಸಾಕು, ಸುರಪುರ ಸೀಮೆಯಲ್ಲಿ ಎರಡು ದಿಕ್ಕಿನಿಂದ ತಕರಾರು ಏಳುತ್ತದೆ. ಪ್ರವಾಸೋದ್ಯಮದ ಗೊಡವೆಯೇ ನಮಗೆ ಬೇಡ ಎನ್ನುವವರು ಒಂದು ಕಡೆ. ಮಾಡಿದರೆ ದೊಡ್ಡದಾಗಿ ಮಾಡಬೇಕು, ಬೆಂಗಳೂರಿನ ಬಂಡವಾಳ ಬರಬೇಕು, ಹೊಳೆದಂಡೆಗೆ ರೆಸಾರ್ಟ್ ಏಳಬೇಕು ಎನ್ನುವವರು ಇನ್ನೊಂದು ಕಡೆ. ಕಕ್ಕೇರಾದಲ್ಲಿ ಕೂತು ಈ ಎರಡೂ ಮಾತುಗಳನ್ನು ಬಹಳ ಕಾಲದಿಂದ ಕೇಳುತ್ತಿದ್ದೇನೆ. ಎರಡೂ ಕಡೆಯವರು ಸಾಕ್ಷಿಗೆ ಕರೆಯುವುದು ಆಫ್ರಿಕಾವನ್ನೇ. ‘ಅಲ್ಲಿ ಪ್ರವಾಸಿಗರ ಸಲುವಾಗಿ ದನ ಕಾಯುವವರನ್ನು ಒಕ್ಕಲೆಬ್ಬಿಸಿದರು’ ಎಂದು ಇವರು. ‘ಕೀನ್ಯಾದಂಥ ದೇಶಕ್ಕೆ ಪ್ರವಾಸಿಗರೇ ಅನ್ನ ಹಾಕುತ್ತಾರೆ’ ಎಂದು ಅವರು. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಉಳಿದರ್ಧ ಹೇಳದೇ ಹೋದರೆ ನಮ್ಮ ಊರುಗಳಿಗೆ ಅನ್ಯಾಯವಾಗುತ್ತದೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಸೀಮೆಗೆ ಪ್ರವಾಸಿಗರು ಬೇಕು. ಎಷ್ಟು ಜನ ಬರಬೇಕು, ಎಲ್ಲಿ ತಂಗಬೇಕು, ಕೊಟ್ಟ ದುಡ್ಡು ಯಾರಿಗೆ ಸೇರಬೇಕು ಎನ್ನುವ ಕರಾರನ್ನು ಅವರು ಬರುವ ಮೊದಲೇ ಊರು ಬರೆದಿಟ್ಟುಕೊಂಡಿರಬೇಕು.

‘ಕಲ್ಲು ನೋಡ್ಲಾಕ ಯಾರ್ ಬರ್ತಾರ್ರಿ? ಹಂಪಿ ಐತಿ, ಬಾದಾಮಿ ಐತಿ, ವಿಜಾಪುರ ಐತಿ. ನಮ್ಮಲ್ಲಿ ಏನೈತಿ?’ ಎಲ್ಲಕ್ಕಿಂತ ಹೆಚ್ಚು ಕೇಳುವ ಮಾತಿದು. ಹೇಳುವವರು ಬಹುಪಾಲು ನಮ್ಮವರೇ, ಅದೂ ಓದಿದವರು.

ಏನಿದೆ ಎಂದು ಕೇಳಿದ್ದಕ್ಕೆ ಸ್ವಲ್ಪ ಬಿಡಿಸಿಯೇ ಹೇಳಬೇಕು. ಹುಣಸಗಿಗೆ ಹತ್ತಿರದ ಇಸಾಂಪುರದಲ್ಲಿ 1980ರ ದಶಕದಲ್ಲಿ ಕಾಲುವೆ ಕೆಲಸಕ್ಕೆಂದು ಮೇಲಿನ ಕಪ್ಪುಮಣ್ಣು ತೆಗೆದಾಗ ಕೆಳಗೆ ಸುಣ್ಣಕಲ್ಲಿನ ಹಾಸು ಕಾಣಿಸಿತು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಅಷ್ಟು ಹೊತ್ತಿಗೆ ಹುಣಸಗಿ, ಬೈಚಬಾಳ ಕಣಿವೆಗಳನ್ನು ಹಳ್ಳ ಹಳ್ಳ, ಹೊಲ ಹೊಲ ತಿರುಗಿ ನೋಡಿದ್ದರು. 1997ರಿಂದ ಕೆಲವು ವರ್ಷ ಅವರ ತಂಡ ಇಸಾಂಪುರದಲ್ಲಿ ಉತ್ಖನನ ಮಾಡಿತು. ಸಿಕ್ಕಿದ್ದು ಆದಿಮಾನವರ ಒಂದು ಕಮ್ಮಟ. ಬಿಸಿಲು ಮಳೆಗೆ ತಾನಾಗಿ ಬಿರಿದು ಎದ್ದ ಸುಣ್ಣಕಲ್ಲಿನ ಚಪ್ಪಡಿಗಳಲ್ಲಿ ಕೈಗೆ ಒಗ್ಗುವಂಥದನ್ನು ಆಯ್ದುಕೊಂಡು, ಇನ್ನೊಂದು ಗಟ್ಟಿ ಕಲ್ಲಿನಿಂದ ಅಂಚಿಗೆ ಹೊಡೆದು, ಚಕ್ಕೆ ಎಬ್ಬಿಸಿ, ಕೈಕೊಡಲಿ ಮಾಡುತ್ತಿದ್ದ ಜಾಗ ಅದು. ಮಾಡಿ ಮುಗಿಸಿದ ಆಯುಧ, ಅರ್ಧಕ್ಕೆ ಬಿಟ್ಟ ಆಯುಧ, ಹೊಡೆಯಲು ಬಳಸಿದ ಸುತ್ತಿಗೆಗಲ್ಲು, ಸಿಡಿದ ಚಕ್ಕೆ, ಪುಡಿ ಎಲ್ಲ ಇದ್ದಲ್ಲೇ ಇದ್ದವು. ಅಲ್ಲಿ ಸಿಕ್ಕ ಪ್ರಾಣಿಯ ಹಲ್ಲುಗಳನ್ನು ಪರೀಕ್ಷಿಸಿ ವಿಜ್ಞಾನಿಗಳು ಅಂದಾಜಿಸಿದ ಕಾಲ ಸುಮಾರು 12 ಲಕ್ಷ ವರ್ಷ. ಈ ಎರಡು ಕಣಿವೆಗಳಲ್ಲಿ ಈ ಬಗೆಯ ಆದಿಮ ನೆಲೆಗಳು ಇನ್ನೂರಕ್ಕೂ ಹೆಚ್ಚು ಗುರುತಾಗಿವೆ.

ಹೊಲದ ಬದುವಿನಲ್ಲಿ ಬಿದ್ದ ಸಾಮಾನ್ಯ ಕಲ್ಲಿಗೂ ಕೈಕೊಡಲಿಗೂ ವ್ಯತ್ಯಾಸ ತಿಳಿಯಲು ದೊಡ್ಡ ಓದು ಬೇಕಿಲ್ಲ. ಒಂದು ತುದಿ ಮೊಂಡು, ಅಂಗೈಯಲ್ಲಿ ಕೂರುತ್ತದೆ. ಇನ್ನೊಂದು ತುದಿ ಚೂಪು. ಎರಡೂ ಮೈಮೇಲೆ ಚಕ್ಕೆ ಎದ್ದ ಗುಳಿಗಳು ಒಂದರ ಪಕ್ಕ ಒಂದು ಇರುತ್ತವೆ, ಅವು ಕೂಡುವ ಕಡೆ ಅಂಚು ಅಂಕುಡೊಂಕಾಗಿ ಹೋಗಿರುತ್ತದೆ. ತಾನಾಗಿ ಒಡೆದ ಕಲ್ಲಿನಲ್ಲಿ ಈ ಲೆಕ್ಕಾಚಾರ ಇರುವುದಿಲ್ಲ. ಹೀಗೆ ಒಂದು ಸಲ ತೋರಿಸಿಕೊಟ್ಟರೆ ಆರನೇ ಇಯತ್ತೆಯ ಹುಡುಗಿಯೂ ಗುರುತಿಸುತ್ತಾಳೆ. ತೋರಿಸಿಕೊಡುವವರಿಲ್ಲ, ಅಷ್ಟೇ.

ಈಗ ಕೀನ್ಯಾದ ಮಾತು. ನೈರೋಬಿಯಿಂದ ಮಗಾಡಿ ಸರೋವರದ ದಾರಿಯಲ್ಲಿ ಒಲೊರ್ಗೆಸೈಲಿ ಎಂಬ ಬಯಲಿದೆ. ನಮ್ಮ ಹುಣಸಗಿಯಷ್ಟೇ ಬಿಸಿಲು, ಅಷ್ಟೇ ಬೋಳು. ಲೂಯಿಸ್ ಮತ್ತು ಮೇರಿ ಲೀಕಿ ದಂಪತಿ 1940ರ ದಶಕದ ಆರಂಭದಲ್ಲಿ ಅಲ್ಲಿ ರಾಶಿ ರಾಶಿ ಕೈಕೊಡಲಿಗಳನ್ನು ಕಂಡರು. ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ ಸಾಗಿಸುವ ಬದಲು ಒಂದು ದೊಡ್ಡ ರಾಶಿಯನ್ನು ಬಿದ್ದಲ್ಲೇ ಬಿಟ್ಟು, ಮೇಲೆ ಕಟ್ಟಿಗೆಯ ಕಾಲುಹಾದಿ ಕಟ್ಟಿ, ಜನ ತುಳಿಯದೆ ನೋಡುವಂತೆ ಮಾಡಿದರು. ಇಂದಿಗೂ ಶಾಲೆಯ ಮಕ್ಕಳು, ಹೊರದೇಶದವರು ಅಲ್ಲಿಗೆ ಹೋಗುತ್ತಾರೆ. ಅಲ್ಲಿ ಗುಡಿಯಿಲ್ಲ, ಕೋಟೆಯಿಲ್ಲ, ಶಿಲ್ಪವಿಲ್ಲ. ಇರುವುದು ನಮ್ಮಲ್ಲಿರುವಂಥದೇ ಕಲ್ಲು, ಹೆಚ್ಚುಕಡಿಮೆ ಅದೇ ಕಾಲದ್ದು. ಕಲ್ಲು ನೋಡಲು ಯಾರು ಬರುತ್ತಾರೆ ಎಂಬ ಪ್ರಶ್ನೆಗೆ ಒಲೊರ್ಗೆಸೈಲಿ ಎಂಬತ್ತು ವರ್ಷದ ಹಿಂದೆಯೇ ಉತ್ತರ ಕೊಟ್ಟಾಗಿದೆ.

ನಮ್ಮಲ್ಲಿರುವುದು ಇಷ್ಟೇ ಅಲ್ಲ. ರಾಜನಕೋಳೂರಿನ ಬಯಲಿನಲ್ಲಿ ಚಪ್ಪಡಿ ನಿಲ್ಲಿಸಿ ಚಪ್ಪಡಿ ಹೊದಿಸಿದ ಬೃಹತ್ ಶಿಲಾಯುಗದ ಕಲ್ಲುಮನೆಗಳಿವೆ. ಸುರಪುರ ಸಂಸ್ಥಾನದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 1850ರ ದಶಕದಲ್ಲೇ ಇಂಥವುಗಳ ಬಗ್ಗೆ ವಿದ್ವತ್ ಪತ್ರಿಕೆಗಳಿಗೆ ಬರೆದಿದ್ದ. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಗುಂಡುಗಳನ್ನು ಸಾಲು ಹಿಡಿದು ನಿಲ್ಲಿಸಿದ ಬಯಲಿದೆ. ಆ ಸಾಲುಗಳಿಗೂ ಸೂರ್ಯ ಹುಟ್ಟುವ ದಿಕ್ಕಿಗೂ ಸಂಬಂಧ ಇದೆಯೇ ಎಂದು ಖಗೋಳ ವಿಜ್ಞಾನಿಗಳು ಬಂದು ಅಳೆದು ಹೋಗಿದ್ದಾರೆ. ಬೂದಿಹಾಳದಲ್ಲಿ ನವಶಿಲಾಯುಗದ ದನಗಾಹಿಗಳ ಬೂದಿದಿಬ್ಬವಿದೆ. ಔರಂಗಜೇಬ ಖುದ್ದಾಗಿ ನಡೆಸಿದ ಕಟ್ಟಕಡೆಯ ಮುತ್ತಿಗೆ, 1705ರದ್ದು, ನಮ್ಮ ವಾಗಣಗೇರಾ ಕೋಟೆಯ ಮೇಲೆ. ಶಹಾಪುರದ ಗುಡ್ಡದ ಸಾಲಿನಲ್ಲಿ ಮಲಗಿದ ಬುದ್ಧ ಕಾಣಿಸುತ್ತಾನೆ. ಭೀಮಾ ದಂಡೆಗೆ ಹೋದರೆ ಸನ್ನತಿ, ಕನಗನಹಳ್ಳಿ. ಅಲ್ಲಿ ಅಶೋಕನ ಹೆಸರು ಕೆತ್ತಿದ, ಅಶೋಕನದೇ ಶಿಲ್ಪವಿದೆ. ಎರಡು ದಿನ ಉಳಿಯಲು ಬೇಕಾದಷ್ಟು ನಮ್ಮಲ್ಲಿದೆ. ಬಂದವರು ಎರಡು ತಾಸಿನಲ್ಲಿ ತಿರುಗಿ ಹೋಗುತ್ತಿರುವುದು ಹೇಳುವವರೂ ಇಲ್ಲದೆ, ತಂಗುವ ಜಾಗವೂ ಇಲ್ಲದೆ.

ಬಿಸಿಲಿನ ಮಾತನ್ನೂ ಎತ್ತುತ್ತಾರೆ. ಮಾರ್ಚ್‌ನಿಂದ ಇಲ್ಲಿ ಹೊರಗೆ ಕಾಲಿಡಲಾಗದು ಎನ್ನುವುದು ನಿಜ. ಆದರೆ ನವೆಂಬರ್‌ನಿಂದ ಫೆಬ್ರುವರಿವರೆಗಿನ ನಾಲ್ಕು ತಿಂಗಳು ನೋಡಿ. ಬೋನಾಳ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯದಾಚೆಯಿಂದ ಬರುವ ಕಾಲ ಅದು. ಒಣಬೇಸಾಯದ ಮನೆಗಳಿಂದ ಜನ ಗುಳೆ ಹೊರಡುವ ಕಾಲವೂ ಅದೇ. ದೀಪಾವಳಿ ಮುಗಿಯುತ್ತಲೇ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರು, ಪುಣೆ, ಮುಂಬೈ ಕಟ್ಟಡ ಕೆಲಸಕ್ಕೆ ಹೋಗುವ ನಮ್ಮ ದೊಡ್ಡಿಗಳ ಜನಕ್ಕೆ ಊರಲ್ಲೇ ನಾಲ್ಕು ತಿಂಗಳ ಸಂಪಾದನೆ ಇದ್ದಿದ್ದರೆ ಎಂದು ಯೋಚಿಸಿ. ಪ್ರವಾಸೋದ್ಯಮ ಗುಳೆಯನ್ನು ನಿಲ್ಲಿಸಿಬಿಡುತ್ತದೆ ಎಂದು ನಾನು ಹೇಳುವುದಿಲ್ಲ. ಒಂದೊಂದು ಊರಲ್ಲಿ ಹತ್ತು ಮನೆ ಉಳಿದರೂ ಆ ಹತ್ತು ಮನೆಯ ಮಕ್ಕಳ ಶಾಲೆ ತಪ್ಪುವುದಿಲ್ಲ. ಅಷ್ಟು ಸಾಕು ನನಗೆ.

ಎರಡನೆಯ ತಕರಾರು ಭಾರವಾದದ್ದು. ‘ಮೊದ್ಲು ಕುಡಿಯೋ ನೀರು, ದವಾಖಾನೆ, ಸೇತುವೆ ಕೊಡ್ರಿ. ಆಮ್ಯಾಲೆ ಪ್ರವಾಸಿಗರ ಮಾತಾಡ್ರಿ.’

ಈ ಮಾತಿಗೆ ತಲೆಬಾಗಿಯೇ ಉತ್ತರಿಸಬೇಕು. ಕೃಷ್ಣೆಯ ನಡುವೆ ನೀಲಕಂಠರಾಯನಗಡ್ಡಿ ಎಂಬ ನಡುಗಡ್ಡೆಯಿದೆ. ಅಲ್ಲಿಯ ಜನಕ್ಕೆ ಸಂತೆ, ಆಸ್ಪತ್ರೆ ಎಲ್ಲದಕ್ಕೂ ಕಕ್ಕೇರಾವೇ ಗತಿ. 2014ರ ಜುಲೈ ಕೊನೆಯಲ್ಲಿ, ಹೊಳೆ ತುಂಬಿ ಹರಿಯುತ್ತಿದ್ದಾಗ, ಒಂಬತ್ತು ತಿಂಗಳ ಬಸುರಿಯೊಬ್ಬಳು ಹೆರಿಗೆಗೆ ಆಸ್ಪತ್ರೆ ಸೇರಲು ಒಣಗಿದ ಕುಂಬಳ, ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು ಆ ಸೆಳವಿನಲ್ಲಿ ಈಜಿ ಈ ದಂಡೆ ಮುಟ್ಟಿದಳು. ಹೊರದೇಶದ ಪತ್ರಿಕೆಗಳೂ ಅದನ್ನು ಅಚ್ಚರಿಯ ಸಾಹಸ ಎಂದು ಬರೆದವು. ನಮಗೆ ಅದು ನಾಚಿಕೆಯ ವಿಷಯ. ಅಂಥ ಊರಿನ ಪಾಲಿನ ಹಣದಲ್ಲಿ ಒಂದು ರೂಪಾಯಿಯನ್ನು ಪ್ರವಾಸಿಗರ ಕಮಾನಿಗೆ, ಕಾರಂಜಿಗೆ ತಿರುಗಿಸಿದರೆ ಬೀದಿಗೆ ಇಳಿಯುವವರಲ್ಲಿ ನಾನೂ ಒಬ್ಬ.

ಹಾಗಂತ ಎರಡನ್ನೂ ಎದುರುಬದುರು ನಿಲ್ಲಿಸಬೇಕಾಗಿಲ್ಲ. ಸಂವಿಧಾನದ 371(ಜೆ) ವಿಧಿ ಬಂದು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷವರ್ಷ ಅನುದಾನ ಬರುತ್ತಿದೆ. ನೀರು, ರಸ್ತೆ, ಆರೋಗ್ಯ ಅದರಿಂದ ಆಗಬೇಕು, ಅದು ನಮ್ಮ ಹಕ್ಕು. ಪ್ರವಾಸೋದ್ಯಮ ಇಲಾಖೆಯ ಹಣ ಬೇರೆ ತಲೆಬರಹದ್ದು. ನಾವು ಕೇಳದೇ ಬಿಟ್ಟರೆ ಅದು ಗಡ್ಡಿಗೆ ಸೇತುವೆಯಾಗಿ ಬರುವುದಿಲ್ಲ, ಮೈಸೂರಿಗೋ ಕರಾವಳಿಗೋ ಹೋಗುತ್ತದೆ. ಇನ್ನೊಂದು ಮಾತು: ಪ್ರವಾಸಿಗರ ಹೆಸರಿನಲ್ಲಿ ಆಗುವ ಕೆಲಸ ಮೊದಲು ಊರವರಿಗೆ ಒದಗಬೇಕು ಎಂಬ ಷರತ್ತು ಹಾಕಬೇಕು. ರಾಜನಕೋಳೂರಿಗೆ ಹಾಕುವ ರಸ್ತೆಯಲ್ಲಿ ಶಾಲೆಯ ಮಕ್ಕಳ ಬಸ್ ಓಡಬೇಕು. ಕಟ್ಟಿಸುವ ಶೌಚಾಲಯಕ್ಕೆ ನೀರಿರಬೇಕು, ಬೀಗ ಇರಬಾರದು, ಅಲ್ಲಿಯ ಹೆಣ್ಣುಮಕ್ಕಳಿಗೆ ಅದು ದಿನಬಳಕೆಗೆ ಸಿಗಬೇಕು.

‘ಆಫ್ರಿಕಾದಲ್ಲಿ ಏನಾಯ್ತು ನೋಡಿ, ಪ್ರವಾಸಿಗ ಬಂದ, ಮೂಲದವರು ಹೊರಬಿದ್ದರು’ ಎನ್ನುವವರಿಗೆ ಈಗ ಬರುತ್ತೇನೆ. ಆಗಿದ್ದು ನಿಜ. ಇನ್ನೂ ಹೆಚ್ಚು ಆಗಿದೆ. ಟಾಂಜಾನಿಯಾದ ಸೆರೆಂಗೆಟಿಯಲ್ಲಿ ದನ ಮೇಯಿಸಿಕೊಂಡಿದ್ದ ಮಾಸಾಯಿ ಜನರನ್ನು 1959ರಲ್ಲಿ ಅಲ್ಲಿಂದ ಎಬ್ಬಿಸಿ, ಪಕ್ಕದ ನ್ಗೊರೊಂಗೊರೊದಲ್ಲಿ ದನಕರುಗಳ ಜೊತೆ ಇರಬಹುದು ಎಂದು ಮಾತು ಕೊಟ್ಟರು. ಈಗ ಅಲ್ಲಿಂದಲೂ ದೂರದ ಊರಿಗೆ ಹೋಗಿ ಎನ್ನುತ್ತಿದ್ದಾರೆ. 2022ರ ಜೂನ್‌ನಲ್ಲಿ ಲೋಲಿಯೊಂಡೊ ಎಂಬಲ್ಲಿ ಮಾಸಾಯಿಗಳ ಮೇವಿನ ನೆಲಕ್ಕೆ ಗಡಿಕಲ್ಲು ಹುಗಿಯಲು ಪೊಲೀಸರು ಬಂದಾಗ ಘರ್ಷಣೆಯೇ ಆಯಿತು. ಬಾಯಿಮಾತಿನ ಭರವಸೆ ಎಷ್ಟು ಕಾಲ ಬಾಳುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಆದರೆ ಅದೇ ಖಂಡದಲ್ಲಿ ನಮೀಬಿಯಾ ಕೂಡ ಇದೆ. 1996ರಲ್ಲಿ ಅಲ್ಲಿ ಒಂದು ಕಾನೂನು ತಿದ್ದುಪಡಿಯಾಯಿತು. ಊರವರು ಸೇರಿ ತಮ್ಮ ಗಡಿ ತಾವೇ ಗುರುತಿಸಿ, ಸದಸ್ಯರ ಪಟ್ಟಿ ಮಾಡಿ, ಸಮಿತಿ ಆರಿಸಿ, ನಿಯಮ ಬರೆದು ನೋಂದಾಯಿಸಿದರೆ, ಆ ನೆಲದ ವನ್ಯಜೀವಿ ಮತ್ತು ಪ್ರವಾಸೋದ್ಯಮದಿಂದ ಬರುವ ಆದಾಯದ ಹಕ್ಕು ಊರಿಗೇ ಸೇರುತ್ತದೆ. ವಸತಿಗೃಹ ನಡೆಸುವ ಕಂಪನಿ ಊರಿನೊಂದಿಗೆ ಕರಾರು ಮಾಡಿಕೊಳ್ಳಬೇಕು. ಈಗ ಇಂಥ 80ಕ್ಕೂ ಹೆಚ್ಚು ಸಂಘಟನೆಗಳು ಅಲ್ಲಿವೆ. ರುವಾಂಡಾದಲ್ಲಿ ಗೊರಿಲ್ಲಾ ನೋಡಲು ಒಬ್ಬ ವಿದೇಶಿ 1,500 ಡಾಲರ್ ಕೊಡಬೇಕು. ಬರುವವರ ಸಂಖ್ಯೆಗೆ ಮಿತಿಯಿದೆ. ಅಲ್ಲಿಯ ರಾಷ್ಟ್ರೀಯ ಉದ್ಯಾನಗಳ ಆದಾಯದಲ್ಲಿ ಸುತ್ತಲಿನ ಊರುಗಳಿಗೆ 2005ರಿಂದ ಶೇಕಡಾ 5 ಕೊಡುತ್ತಿದ್ದರು, 2017ರಲ್ಲಿ ಅದನ್ನು ಶೇಕಡಾ 10ಕ್ಕೆ ಏರಿಸಿದರು. ಶಾಲೆ, ನೀರಿನ ತೊಟ್ಟಿ, ಕಾಡುಪ್ರಾಣಿ ಹೊಲಕ್ಕೆ ಬರದಂತೆ ಗೋಡೆ, ಇವು ಆ ದುಡ್ಡಿನಿಂದ ಆಗಿವೆ. ಶೇಕಡಾ 10 ಸಾಲದು ಎಂಬ ಕೂಗು ಅಲ್ಲೂ ಇದೆ, ಇರಬೇಕಾದ್ದೇ. ಮುಖ್ಯವಾದ ಸಂಗತಿ, ಪಾಲು ಎಷ್ಟು ಎಂದು ಜಗಳವಾಡಲು ಅವರಿಗೆ ಕಾಗದದ ಮೇಲೆ ಒಂದು ಅಂಕಿಯಿದೆ. ನಮಗೆ ಅದೂ ಇಲ್ಲ.

ಅಷ್ಟು ದೂರ ಯಾಕೆ ಹೋಗಬೇಕು, ಹಂಪಿಗೇ ಹೋಗೋಣ. ಪ್ರವಾಸಿಗರನ್ನೇ ನಂಬಿ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದವರನ್ನು 2011ರ ಜುಲೈನಲ್ಲಿ ತೆರವು ಮಾಡಲಾಯಿತು. ಮಂಟಪಗಳನ್ನು ಉಳಿಸಬೇಕಾದದ್ದು ಸರಿ. ಆದರೆ ಅಷ್ಟು ವರ್ಷ ಅಲ್ಲಿ ಬದುಕು ಕಟ್ಟಿಕೊಳ್ಳಲು ಬಿಟ್ಟು, ಆಮೇಲೆ ಒಂದು ದಿನ ಜೆಸಿಬಿ ತಂದು ನಿಲ್ಲಿಸಿದ್ದು ಸರಿಯೇ? ಮೊದಲೇ ಜಾಗ ಗುರುತಿಸಿ, ಇಲ್ಲಿ ಅಂಗಡಿ, ಇಲ್ಲಿ ಮನೆ, ಇಲ್ಲಿಂದ ಆಚೆ ಯಾರೂ ಬರಬಾರದು ಎಂದು ಹೇಳಿದ್ದರೆ ಆ ದಿನ ಬರುತ್ತಿರಲಿಲ್ಲ. ರಾಜನಕೋಳೂರಿನಲ್ಲಿ, ಇಸಾಂಪುರದಲ್ಲಿ ಇನ್ನೂ ಒಂದು ಚಹಾ ಅಂಗಡಿಯೂ ಎದ್ದಿಲ್ಲ. ಹಂಪಿ ಕಳೆದುಕೊಂಡ ಅವಕಾಶ ನಮ್ಮ ಕೈಯಲ್ಲಿ ಇನ್ನೂ ಇದೆ. ಆಫ್ರಿಕಾದ ಕಥೆ ಕೇಳಿ ಹೆದರಿ ಬಾಗಿಲು ಹಾಕಿಕೊಂಡರೆ ಕರಾರು ಬರೆಯುವವರು ನಮ್ಮ ಬದಲು ಬೇರೆಯವರಾಗುತ್ತಾರೆ.

ಇನ್ನು ದೊಡ್ಡದಾಗಿ ಆಗಬೇಕು ಎನ್ನುವ ಗೆಳೆಯರು. ‘ನಾರಾಯಣಪುರ ಹಿನ್ನೀರಿಗೆ ರೆಸಾರ್ಟ್, ಬೋನಾಳಕ್ಕೆ ಮೋಟಾರ್ ಬೋಟ್, ಗುಡ್ಡಕ್ಕೆ ರೋಪ್‌ವೇ ಬರಲಿ. ಸಣ್ಣ ಸಣ್ಣ ಹೋಂಸ್ಟೇಯಿಂದ ಜಿಲ್ಲೆ ಉದ್ಧಾರ ಆಗೋದಿಲ್ಲ’ ಎಂಬುದು ಅವರ ವಾದ. ಯಾದಗಿರಿ ಹಿಂದುಳಿದ ಜಿಲ್ಲೆ ಎಂಬ ನೋವಿನಿಂದಲೇ ಅವರು ಹಾಗೆ ಹೇಳುತ್ತಾರೆ, ಅವರ ಆಸೆಯ ಬಗ್ಗೆ ನನಗೆ ಗೌರವವಿದೆ. ಅವರ ಲೆಕ್ಕದ ಬಗ್ಗೆ ಇಲ್ಲ.

ಹೊಳೆದಂಡೆಯ ರೆಸಾರ್ಟಿನ ಗತಿ ಏನಾಗುತ್ತದೆ ಎಂದು ತಿಳಿಯಲು ಹಂಪಿ ಬಳಿಯ ವಿರೂಪಾಪುರಗಡ್ಡಿಯನ್ನು ನೆನೆಯಬೇಕು. 2019ರ ಆಗಸ್ಟ್‌ನಲ್ಲಿ ತುಂಗಭದ್ರೆ ಉಕ್ಕಿದಾಗ ಅಲ್ಲಿ ನೂರಾರು ಪ್ರವಾಸಿಗರು ಸಿಕ್ಕಿಬಿದ್ದು, ಹೆಲಿಕಾಪ್ಟರ್, ದೋಣಿ ತಂದು ಅವರನ್ನು ಕರೆತರಬೇಕಾಯಿತು. ಮರುವರ್ಷ ಸುಪ್ರೀಂ ಕೋರ್ಟ್ ಆ ರೆಸಾರ್ಟುಗಳು ಕಾನೂನುಬಾಹಿರ ಎಂದಿತು, ಮಾರ್ಚ್‌ನಲ್ಲಿ ಎಲ್ಲ ನೆಲಸಮವಾದವು. ಅಲ್ಲಿ ದುಡಿಯುತ್ತಿದ್ದ ಸುತ್ತಲಿನ ಹುಡುಗರು ರಾತ್ರೋರಾತ್ರಿ ಬೀದಿಗೆ ಬಿದ್ದರು. ಕೃಷ್ಣೆ ತುಂಗಭದ್ರೆಗಿಂತ ಸೌಮ್ಯಳೇನಲ್ಲ. ನಾರಾಯಣಪುರದ ಗೇಟು ಎತ್ತಿ ಲಕ್ಷಗಟ್ಟಲೆ ಕ್ಯುಸೆಕ್ ಬಿಟ್ಟ ದಿನ ನಮ್ಮ ದಂಡೆಯ ಹೊಲ, ಪಂಪ್‌ಸೆಟ್ಟು ಏನಾಗುತ್ತವೆ ಎಂದು ಇಲ್ಲಿಯ ರೈತನನ್ನು ಕೇಳಿ.

ನೀರಿನ ಮಾತು ಬಂದಾಗ ಝಾಂಜಿಬಾರ್ ನೆನಪಾಗುತ್ತದೆ. ಹಿಂದೂ ಮಹಾಸಾಗರದ ಆ ದ್ವೀಪದಲ್ಲಿ ದೊಡ್ಡ ಹೋಟೆಲಿನ ಒಂದು ಕೋಣೆಗೆ ದಿನಕ್ಕೆ ಖರ್ಚಾಗುವ ನೀರು ಊರಿನ ಇಡೀ ಒಂದು ಮನೆ ಬಳಸುವುದಕ್ಕಿಂತ ಹಲವು ಪಟ್ಟು ಹೆಚ್ಚು. ಹೋಟೆಲ್ ಆಳದ ಬೋರ್‌ವೆಲ್ ಹಾಕಿತು, ಊರಿನ ಬಾವಿ ಸವುಳಾಯಿತು. ಕಾಲುವೆಯ ಬಾಲಕ್ಕೆ ನೀರು ಬರಲಿಲ್ಲ ಎಂದು ವರ್ಷವೂ ಧರಣಿ ಕೂರುವ ನಾವು ಈಜುಕೊಳಕ್ಕೆ ನೀರು ಎಲ್ಲಿಂದ ಕೊಡುತ್ತೇವೆ?

ಬೋನಾಳದ ಬೋಟಿನ ಬಗ್ಗೆ ಒಂದೇ ಮಾತು. ಆ ಕೆರೆಗೆ ಜನ ಬರುವುದು ಹಕ್ಕಿ ನೋಡಲು. ಮೋಟಾರಿನ ಸದ್ದಿಗೆ ಹಕ್ಕಿ ಹಾರಿಹೋದ ಮೇಲೆ ಯಾರೂ ಬರುವುದಿಲ್ಲ. ಕೆರೆ ನೀರಾವರಿಯದೂ ಹೌದು, ಮೀನುಗಾರರದೂ ಹೌದು. ಅವರಿಬ್ಬರನ್ನು ಕೇಳದೆ ಅಲ್ಲಿ ಏನನ್ನೂ ತೇಲಿಸಬಾರದು.

ಇದಕ್ಕಿಂತ ದೊಡ್ಡ ಅಪಾಯವೊಂದಿದೆ. ಬರಿಯ ಪ್ರವಾಸಿಗರನ್ನೇ ನಂಬಿದ ಊರಿನ ಜುಟ್ಟು ಬೇರೆಯವರ ಕೈಯಲ್ಲಿರುತ್ತದೆ. 2014ರಲ್ಲಿ ಎಬೋಲಾ ಹಬ್ಬಿದ್ದು ಪಶ್ಚಿಮ ಆಫ್ರಿಕಾದ ಮೂರು ದೇಶಗಳಲ್ಲಿ. ಸಾವಿರಾರು ಕಿಲೋಮೀಟರ್ ದೂರದ ಕೀನ್ಯಾ, ಟಾಂಜಾನಿಯಾಗಳಿಗೆ ಬರಬೇಕಿದ್ದವರೂ ಟಿಕೆಟ್ ರದ್ದು ಮಾಡಿದರು. 2020ರಲ್ಲಿ ಕೋವಿಡ್ ಬಂದಾಗ ಇಡೀ ಖಂಡದ ಸಫಾರಿ ನಿಂತಿತು. ಕಾವಲುಗಾರರಿಗೆ ಸಂಬಳ ಕೊಡಲು ಹಣವಿಲ್ಲದಾಯಿತು. ಜೋಳ, ಹತ್ತಿ, ಭತ್ತ, ಕುರಿ ಇವು ನಮ್ಮ ಬದುಕಿನ ಕಂಬಗಳಾಗಿಯೇ ಇರಬೇಕು. ಪ್ರವಾಸಿಗರ ದುಡ್ಡು ಅದರ ಮೇಲಿನ ಸಂಪಾದನೆ. ಹೊಲ ಮಾರಿ ಲಾಡ್ಜ್ ಕಟ್ಟುವ ಯೋಚನೆ ಯಾರಿಗೂ ಬೇಡ. ಹೊಲ ಮಾರಿದವನಿಗೆ ಆ ಲಾಡ್ಜಿನಲ್ಲಿ ಸಿಗುವುದು ಕಾವಲುಗಾರನ ಕೆಲಸ.

ಈಗ ಅಧಿಕಾರಿ ವಲಯದಲ್ಲಿ, ಕೆಲವು ವಿದ್ವಾಂಸರ ಬಾಯಲ್ಲಿ ಕೇಳಿಬರುವ ಮಾತು: ‘ನೆಲೆಗಳನ್ನು ಹಾಳು ಮಾಡುತ್ತಿರುವವರೇ ಊರವರು. ಕಲ್ಲು ಹೊತ್ತೊಯ್ದು ಮನೆ ಕಟ್ಟುತ್ತಾರೆ, ನಿಧಿ ಆಸೆಗೆ ಅಗೆಯುತ್ತಾರೆ. ತಂತಿಬೇಲಿ ಹಾಕಿ ಬೀಗ ಹಾಕುವುದೇ ದಾರಿ.’

ಇದು ನನಗೆ ನೋವು ತರುವ ಆಪಾದನೆ. ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆ ನಮ್ಮ ಸೀಮೆಯ ಹೊಲಗಳು ಮಟ್ಟವಾದವು. ಏರುತಗ್ಗಿನ ನೆಲಕ್ಕೆ ನೀರು ಕಟ್ಟಬೇಕಾದರೆ ಮಟ್ಟ ಮಾಡಲೇಬೇಕು. ಹಾಗೆ ಮಟ್ಟ ಮಾಡುವಾಗ ಲಕ್ಷಾಂತರ ವರ್ಷ ಬಿದ್ದಲ್ಲೇ ಇದ್ದ ಕೈಕೊಡಲಿಗಳು ಮಣ್ಣಿನ ಜೊತೆ ಬದುವಿಗೆ ಹೋದವು. ಪದ್ದಯ್ಯನವರು ಈ ನಷ್ಟದ ಬಗ್ಗೆ ಬರೆದಿದ್ದಾರೆ. ಆದರೆ ರೈತನಿಗೆ ‘ನಿನ್ನ ಹೊಲದಲ್ಲಿ ಇಂಥದಿದೆ’ ಎಂದು ಕನ್ನಡದಲ್ಲಿ ಯಾರು ಬಂದು ಹೇಳಿದರು? ವರದಿಗಳೆಲ್ಲ ಇಂಗ್ಲಿಷಿನಲ್ಲಿ, ಪುಣೆಯಲ್ಲಿ. ಕಾಲುವೆಯ ನಕ್ಷೆ ಹಾಕಿದ್ದು ಸರ್ಕಾರ, ಮಟ್ಟ ಮಾಡಲು ಹೇಳಿದ್ದೂ ಸರ್ಕಾರ. ತಪ್ಪು ಹೊರಿಸಲು ಮಾತ್ರ ರೈತ!

ಕೇಂದ್ರ ಸರ್ಕಾರ ಸಂರಕ್ಷಿತ ಸ್ಮಾರಕವೆಂದು ಘೋಷಿಸಿದರೆ ಸ್ಮಾರಕ ಕಾಯ್ದೆಯ 2010ರ ತಿದ್ದುಪಡಿಯಂತೆ ಸುತ್ತ 100 ಮೀಟರ್‌ನಲ್ಲಿ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರ್‌ಗೆ ಅನುಮತಿ ಬೇಕು. ಕಾನೂನಿನ ಉದ್ದೇಶ ಒಳ್ಳೆಯದೇ. ಆದರೆ ಅದರ ಹೊರೆಯಷ್ಟೇ ಊರಿನ ಹೆಗಲಿಗೆ ಬಿದ್ದು ಲಾಭ ಏನೂ ಬಾರದಿದ್ದರೆ, ತನ್ನ ಹೊಲದಲ್ಲಿ ಹಳೆಯ ಕಲ್ಲು ಸಿಕ್ಕರೆ ರೈತ ಅದನ್ನು ಮುಚ್ಚಿಡುತ್ತಾನೆ. ನಾನಾದರೂ ಮುಚ್ಚಿಡುತ್ತೇನೆ. ಅದರ ಬದಲು ಇಸಾಂಪುರದಂಥ ಕಡೆ ಬೇಕಾದ ಒಂದೆರಡು ಎಕರೆಯನ್ನು ರೈತನಿಂದ ವರ್ಷದ ಗುತ್ತಿಗೆಗೆ ಪಡೆದು, ಭತ್ತ ಬೆಳೆದಿದ್ದರೆ ಬರುತ್ತಿದ್ದಷ್ಟು ಹಣ ಕೊಟ್ಟು, ಅವನ ಮನೆಯವರನ್ನೇ ಕಾವಲಿಗೆ ನೇಮಿಸಲಿ. ಬೇಲಿಗಿಂತ ಗಟ್ಟಿಯಾಗಿ ಅವರು ಕಾಯುತ್ತಾರೆ.

ಎಲ್ಲವನ್ನೂ ತೆರೆದು ತೋರಿಸಲೇಬೇಕು ಎಂದೂ ಇಲ್ಲ. ಟಾಂಜಾನಿಯಾದ ಲೇಟೊಲಿಯಲ್ಲಿ 1978ರಲ್ಲಿ 36 ಲಕ್ಷ ವರ್ಷ ಹಿಂದಿನ ಹೆಜ್ಜೆಗುರುತುಗಳು ಸಿಕ್ಕವು, ಮನುಷ್ಯರ ಪೂರ್ವಜರು ಬೂದಿಯ ಮೇಲೆ ನಡೆದು ಹೋದದ್ದು. ನೋಡಲು ಜಗತ್ತೇ ಬರುತ್ತಿತ್ತು. ಆದರೂ ಹಾಳಾಗಬಾರದೆಂದು ಅವನ್ನು ಮತ್ತೆ ಮಣ್ಣಿನಿಂದ ಮುಚ್ಚಿದರು; ಬೇರು ಇಳಿದದ್ದು ತಿಳಿದಾಗ 1990ರ ದಶಕದಲ್ಲಿ ತೆರೆದು, ಬೇರು ತೆಗೆದು, ಇನ್ನೂ ಜಾಗ್ರತೆಯಿಂದ ಮುಚ್ಚಿದರು. ಆಗ ಸುತ್ತಲಿನ ಮಾಸಾಯಿ ಹಿರಿಯರನ್ನು ಕರೆದು ಅವರ ಪದ್ಧತಿಯಂತೆ ಪೂಜೆ ಮಾಡಿಸಿ, ಜಾಗವನ್ನು ಅವರ ಕಾವಲಿಗೆ ಒಪ್ಪಿಸಿದರು. ಬೂದಿಹಾಳ, ಇಸಾಂಪುರಗಳ ಬಹುಭಾಗವನ್ನೂ ಹಾಗೆ ಮಣ್ಣಿನಡಿಯೇ ಬಿಡಬೇಕು. ಒಂದು ಮೂಲೆ ತೆರೆದು ಮೇಲೆ ಸೂರು ಹಾಕಿ ತೋರಿಸಿದರೆ ಸಾಕು. ಬಂದವರು ಒಂದು ಚಕ್ಕೆಯನ್ನೂ ಜೇಬಿಗೆ ಹಾಕಿಕೊಳ್ಳಬಾರದು.

‘ನಮ್ಮ ಜನಕ್ಕೆ ಪ್ರವಾಸಿಗರನ್ನು ನೋಡಿಕೊಳ್ಳುವುದು ಗೊತ್ತಿಲ್ಲ’ ಎಂಬ ಕೊನೆಯ ಮಾತಿಗೆ ಉದ್ದದ ಉತ್ತರ ಬೇಡ. ತಿಂಥಣಿ ಮೌನೇಶ್ವರನ ಜಾತ್ರೆಗೆ ಬನ್ನಿ. ಹಿಂದೂಗಳೂ ಮುಸ್ಲಿಮರೂ ತಮ್ಮವನೆಂದು ನಡೆದುಕೊಳ್ಳುವ ಆ ಪುಣ್ಯಪುರುಷನ ಜಾತ್ರೆಗೆ ಜನ ದೂರದೂರದಿಂದ ಬರುತ್ತಾರೆ. ಟ್ರ್ಯಾಕ್ಟರಿನಲ್ಲಿ ರೊಟ್ಟಿ, ಹಗೇವಿನಿಂದ ತೆಗೆದ ಜೋಳ, ಕಟ್ಟಿಗೆ ಬರುತ್ತದೆ. ಯಾವ ಊರು, ಯಾವ ಜಾತಿ ಎಂದು ಕೇಳದೆ ಎಲೆ ಹಾಕುತ್ತಾರೆ. ಇಷ್ಟು ಜನಕ್ಕೆ ಉಣಬಡಿಸುವವರಿಗೆ ಹತ್ತು ಜನ ಅತಿಥಿಗಳು ಭಾರವೇ? ಕಲಿಯಬೇಕಾದ್ದು ಇಲ್ಲವೆಂದಲ್ಲ. ಜಾತ್ರೆ ಮುಗಿದ ಮರುದಿನ ಹೊಳೆದಂಡೆಯಲ್ಲಿ ಬಿದ್ದಿರುವ ಪ್ಲಾಸ್ಟಿಕ್ ತಟ್ಟೆ, ಬಿಟ್ಟು ಹೋದ ಬಟ್ಟೆ ನೋಡಿದರೆ ಹೊಟ್ಟೆ ಉರಿಯುತ್ತದೆ. ಅದನ್ನು ಸರಿಪಡಿಸುವುದು ನಮ್ಮ ಕೆಲಸ, ಪ್ರವಾಸಿಗರು ಬರಲಿ ಬಿಡಲಿ. ಉಳಿದಂತೆ ಸುರಪುರದಲ್ಲಿ ಗರುಡಾದ್ರಿ ಮನೆತನದ ಚಿತ್ರಕಲೆಯ ಪರಂಪರೆಯಿದೆ, ವೇಣುಗೋಪಾಲಸ್ವಾಮಿ ಜಾತ್ರೆಯ ಕಂಬ ಏರುವ ಆಟವಿದೆ. ತೋರಿಸಲು, ಮಾರಲು, ಹೇಳಲು ನಮ್ಮಲ್ಲಿ ವಿದ್ಯೆಗೆ ಕೊರತೆಯಿಲ್ಲ.

ಇಷ್ಟು ಹೇಳಿದ ಮೇಲೆ ನನ್ನ ಬೇಡಿಕೆಯೂ ಸ್ಪಷ್ಟವಾಗಿರಬೇಕು. ಹುಣಸಗಿಯಲ್ಲಿ ಒಂದು ಸಣ್ಣ ಸಂಗ್ರಹಾಲಯ ಬೇಕು, ಫಲಕಗಳು ಮೊದಲು ಕನ್ನಡದಲ್ಲಿರಬೇಕು; ಇಲ್ಲಿಂದ ಹೊರಗೆ ಹೋದ ಆಯುಧಗಳಲ್ಲಿ ಕೆಲವಾದರೂ ಇಲ್ಲಿಗೆ ಮರಳಬೇಕು. ಪ್ರವೇಶಧನದ ಪಾಲು ನೇರವಾಗಿ ಆಯಾ ಗ್ರಾಮ ಪಂಚಾಯಿತಿಯ ಖಾತೆಗೆ ಬರಬೇಕು, ಎಷ್ಟು ಎನ್ನುವುದು ಆದೇಶದಲ್ಲಿ ಅಚ್ಚಾಗಿರಬೇಕು. ಮಾರ್ಗದರ್ಶಿಗಳಾಗಿ ಸುತ್ತಲಿನ ಕಾಲೇಜು ಓದುವ ಹುಡುಗ ಹುಡುಗಿಯರಿಗೇ ತರಬೇತಿ ಕೊಡಬೇಕು. ಹೋಂಸ್ಟೇ ಸಹಾಯಧನ ಮಹಿಳಾ ಸ್ವಸಹಾಯ ಸಂಘಗಳಿಗೆ ಮೊದಲು ಸಿಗಬೇಕು. ಹೊಳೆದಂಡೆಯ ಪ್ರವಾಹದ ಗೆರೆಯೊಳಗೆ ಯಾವ ಕಟ್ಟಡವೂ ಏಳಬಾರದು.

ಇವಕ್ಕಾಗಿ ಮಂತ್ರಿಗಳಿಗೆ ಮನವಿ ಕೊಟ್ಟು ಕಾಯಬೇಕಿಲ್ಲ. ರಾಜನಕೋಳೂರು, ಬೋನಾಳ, ತಿಂಥಣಿಯ ಗ್ರಾಮಸಭೆಗಳು, ಹುಣಸಗಿಯ ಪಟ್ಟಣ ಪಂಚಾಯಿತಿ, ಕಕ್ಕೇರಾದ ಪುರಸಭೆ ತಮ್ಮ ಮುಂದಿನ ಸಭೆಯಲ್ಲಿ ಈ ಷರತ್ತುಗಳನ್ನು ಚರ್ಚೆಗೆ ಇಟ್ಟು ಠರಾವು ಮಾಡಬಹುದು. ನನ್ನ ಮಾತು ಒಪ್ಪದವರೂ ಆ ಸಭೆಗೆ ಬನ್ನಿ, ತಿದ್ದುವುದಿದ್ದರೆ ಅಲ್ಲಿ ತಿದ್ದಿ. ಬಂಡವಾಳದವರ ಗಾಡಿ ಊರ ಬಾಗಿಲಿಗೆ ಬರುವ ಮೊದಲು ಆ ಠರಾವು ಪುಸ್ತಕದಲ್ಲಿ ನಮ್ಮ ಸಹಿ ಇರಲಿ.